ಗುಲಾಬಿಯ ಬಾಡಿದ ಹೂವನ್ನು ಯಾವಾಗ, ಎಷ್ಟು ಕೆಳಗೆ ಕತ್ತರಿಸಬೇಕು? ಮುಂಬೈ, ಪುಣೆ, ಗೋವಾ ಹವೆಗೆ ತಕ್ಕ ಉತ್ತರ ಬೇಕಾಗಿದೆ

ಠಾಣೆ ಬಾಲ್ಕನಿ, 11 ಏಪ್ರಿಲ್

ಎಲ್ಲರಿಗೂ ನಮಸ್ಕಾರ. ಠಾಣೆಯಲ್ಲಿ ಐದನೆಯ ಮಹಡಿಯಲ್ಲಿರುವ ನಮ್ಮ ಮನೆಯ ಬಾಲ್ಕನಿ ಪೂರ್ವಕ್ಕೆ ತೆರೆದಿದೆ. ಅಲ್ಲಿ 14 ಕುಂಡಗಳಲ್ಲಿ ಗುಲಾಬಿ ಬೆಳೆಸುತ್ತಿದ್ದೇನೆ. ಹೆಚ್ಚಿನವು ದಂಟಿಗೊಂದು ದೊಡ್ಡ ಹೂ ಬಿಡುವ ಹೈಬ್ರಿಡ್ ಟೀ ಜಾತಿಯವು, ನಾಲ್ಕು ಮಾತ್ರ ಗೊಂಚಲು ಹೂ ಬಿಡುವ ಫ್ಲೋರಿಬಂಡ. ಬಾಡಿದ ಹೂವನ್ನು ಐದೆಲೆಯ, ಅಂದರೆ ಒಂದೇ ಕಾವಿನಲ್ಲಿ ಐದು ಕಿರುಎಲೆಗಳಿರುವ ಎಲೆಯ ಮೇಲ್ಗಡೆ ಕತ್ತರಿಸಬೇಕೆಂದು ಎಲ್ಲೋ ಓದಿ ಡಿಸೆಂಬರ್‌ನಿಂದ ಹಾಗೆಯೇ ಮಾಡುತ್ತ ಬಂದೆ. ಆಗ ಹೂ ತುಂಬ ಚೆನ್ನಾಗಿ ಬಂತು. ಆ ಉತ್ಸಾಹದಲ್ಲಿ ಮಾರ್ಚ್ ತಿಂಗಳಿನಲ್ಲಿ ಉದ್ದ ದಂಟಿನ ಹೂ ಬರಲೆಂದು ಇನ್ನೂ ಕೆಳಗೆ, ಅರ್ಧ ರೆಂಬೆಯವರೆಗೆ ಕತ್ತರಿಸಿದೆ. ಈಗ ಮೂರು ಗಿಡಗಳು ಎಲೆಯಿಲ್ಲದ ಕಡ್ಡಿಗಳಾಗಿ ನಿಂತಿವೆ. ಒಂದರಲ್ಲಿ ಕತ್ತರಿಸಿದ ತುದಿಯಿಂದ ಕಂದುಕಪ್ಪು ಬಣ್ಣ ಎರಡು ಇಂಚು ಕೆಳಗೆ ಇಳಿದಿದೆ.

ನಮ್ಮ ಅತ್ತೆಯವರು ಎಸಳು ತಾನಾಗಿ ಉದುರುವವರೆಗೂ ಹೂವನ್ನು ಮುಟ್ಟಬಾರದು ಎನ್ನುತ್ತಾರೆ. ಪಕ್ಕದ ಮನೆಯ ಮರಾಠಿ ಕಾಕು ಬಣ್ಣ ಮಾಸಿದ ದಿನವೇ ಚಿವುಟಿಬಿಡು ಎನ್ನುತ್ತಾರೆ. ನಿನ್ನೆ ಸಂಜೆ ಒಂದು ಗುಲಾಬಿ ಬಣ್ಣದ ಹೂವನ್ನು ಕೆಳಗಿನಿಂದ ಬೆರಳಲ್ಲಿ ಎತ್ತಿ ನೋಡಿದೆ. ಮುಟ್ಟಿದ ಕೂಡಲೇ ಹೊರಗಿನ ಐದಾರು ಎಸಳು ಅಂಗೈಗೆ ಬಿದ್ದವು. ನಡುವಿನ ಕೇಸರಗಳು ಹಳದಿ ಹೋಗಿ ಕಪ್ಪಾಗಿದ್ದವು, ತೊಟ್ಟಿನ ತುದಿಯ ಹಸಿರು ಭಾಗ ಕೊಂಚ ದಪ್ಪಗಾದಂತೆ ಕಂಡಿತು. ಇಂಥ ಹೂವನ್ನು ಇಂದೇ ತೆಗೆಯಬೇಕಿತ್ತೇ, ಮೊನ್ನೆಯೇ ತೆಗೆಯಬೇಕಿತ್ತೇ, ತೆಗೆಯುವುದಾದರೆ ಎಷ್ಟು ಕೆಳಗೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.


ಕೋಥ್ರೂಡ್ ತಾರಸಿ, 11 ಏಪ್ರಿಲ್

ಠಾಣೆಯ ತಂಗಿಗೆ ನಮಸ್ಕಾರ. ನಾನು ಧಾರವಾಡದ ಕಡೆಯವನು, ಪುಣೆಗೆ ಬಂದು ಬಹಳ ವರ್ಷಗಳಾದವು. ತಾರಸಿಯ ಮೇಲೆ ಸದ್ಯ 40ರಷ್ಟು ಗುಲಾಬಿ ಕುಂಡಗಳಿವೆ. ಹೂವಿನ ಮಾತಿಗೆ ಮೊದಲು ಆ ಕಪ್ಪಾಗುತ್ತಿರುವ ತುದಿಯನ್ನು ನೋಡಿಕೊಳ್ಳಿ. ಅದು ತುದಿಯಿಂದ ಕೆಳಕ್ಕೆ ಒಣಗುತ್ತ ಬರುವ ರೋಗ. ತಡಮಾಡಿದರೆ ಬುಡದಲ್ಲಿ ಕಸಿ ಕೂಡಿಸಿದ ಗಂಟಿನವರೆಗೂ ಇಳಿದು ಗಿಡವನ್ನೇ ಕೊಲ್ಲುತ್ತದೆ. ಸಿಕೇಟರಿನ (ಗಿಡ ಸವರುವ ಕತ್ತರಿಯ) ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕಪ್ಪು ಭಾಗಕ್ಕಿಂತ ಒಂದು ಇಂಚು ಕೆಳಗೆ ಕತ್ತರಿಸಿ, ಕತ್ತರಿಸಿದ ಜಾಗದ ನಡುವಿನ ತಿರುಳನ್ನು ನೋಡಿರಿ. ಅದು ಬೆಳ್ಳಗೆ ಅಥವಾ ತಿಳಿ ಹಸಿರಾಗಿದ್ದರೆ ಸಾಕು. ಕಂದಾಗಿದ್ದರೆ ಇನ್ನೂ ಕೆಳಗೆ ಹೋಗಬೇಕು. ಬಳಿಕ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ನೀರಿನಲ್ಲಿ ಮಂದವಾಗಿ ಕಲಸಿ ಗಾಯಕ್ಕೆ ಬಳಿಯಿರಿ. ಮತ್ತೊಂದು ಗಿಡಕ್ಕೆ ಹೋಗುವ ಮೊದಲು ಅಲಗನ್ನು ಪುನಃ ಒರೆಸಿಕೊಳ್ಳಿ.

ಇನ್ನು ಹೂವಿನ ವಿಷಯ. ನಿಮ್ಮ ಕೈಗೆ ಎಸಳು ಉದುರಿತಲ್ಲ, ತೆಗೆಯುವ ಸರಿಯಾದ ಹೊತ್ತು ಅದಕ್ಕಿಂತ ಒಂದೆರಡು ದಿನ ಮೊದಲೇ ಬಂದಿತ್ತು. ನಾನು ನೋಡುವುದು ಮೂರು ಗುರುತುಗಳನ್ನು. ಹೊರಗಿನ ಎಸಳುಗಳು ಬಿಗುವು ಕಳೆದುಕೊಂಡು ಕೆಳಕ್ಕೆ ಜೋತಿರಬೇಕು, ಹೂವಿನ ನಡುವು ಪೂರ್ತಿ ತೆರೆದು ಕೇಸರಗಳು ಬಣ್ಣಗೆಟ್ಟಿರಬೇಕು, ಮತ್ತು ತೊಟ್ಟನ್ನು ಬೆರಳಿಂದ ಮೆಲ್ಲಗೆ ತಟ್ಟಿದಾಗ ಒಂದೆರಡು ಎಸಳಾದರೂ ಸಡಿಲವಾಗಬೇಕು. ಈ ಮೂರೂ ಕೂಡಿದ ದಿನ ಹೂ ತನ್ನ ಕೆಲಸ ಮುಗಿಸಿದೆ ಎಂದೇ ಅರ್ಥ. ಅಂದರೆ ನಿಮ್ಮ ಅತ್ತೆಯವರು ಸ್ವಲ್ಪ ತಡವಾಗಿ ಹೇಳುತ್ತಾರೆ, ಕಾಕು ಸ್ವಲ್ಪ ಬೇಗ ಹೇಳುತ್ತಾರೆ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಕಾಕುವಿನ ಮಾತಿಗೆ ಒಂದು ಕಾರಣವಿದೆ. ಅರಳಿ ಎರಡೇ ದಿನವಾದ ಹೂವಿನ ಅಂಚು ಸುಟ್ಟಂತೆ ಕಂದಾಗಿದ್ದರೆ ಅದು ವಯಸ್ಸಿನಿಂದ ಬಂದದ್ದಾಗಿರಲಾರದು, ಥ್ರಿಪ್ಸ್ ನುಸಿಯ ಕಾಟವಿರಬಹುದು. ಆ ಹೂವನ್ನು ಬಿಳಿ ಕಾಗದದ ಮೇಲೆ ಜಾಡಿಸಿ ನೋಡಿರಿ. ದಾರದ ಚೂರಿನಂಥ ಸಣ್ಣ ಹುಳುಗಳು ಹರಿದಾಡಿದರೆ ಹೂ ಎಷ್ಟೇ ಹೊಸದಿರಲಿ, ಮೊಗ್ಗಿನ ಸಮೇತ ತೆಗೆದು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಬೇಕು. ಕುಂಡದ ಬುಡಕ್ಕೆ ಹಾಕಬಾರದು.

ಎಷ್ಟು ಕೆಳಗೆ ಎಂಬ ಪ್ರಶ್ನೆಗೆ ವರ್ಷವಿಡೀ ಒಂದೇ ಉತ್ತರ ಕೊಡಲಾಗದು. ನೀವು ಡಿಸೆಂಬರ್‌ನಲ್ಲಿ ಮಾಡಿದ್ದು ಸರಿಯಾಗಿತ್ತು, ಮಾರ್ಚ್‌ನಲ್ಲಿ ಅದಕ್ಕಿಂತ ಹೆಚ್ಚು ಕತ್ತರಿಸಿದ್ದು ತಪ್ಪಾಯಿತು. ಬಿಸಿಲಿನ ತಿಂಗಳುಗಳಲ್ಲಿ ಗಿಡಕ್ಕೆ ಎಲೆಯೇ ಅನ್ನ, ಎಲೆಯೇ ನೆರಳು. ಈಗ ಹೂವಿನ ತಲೆಯನ್ನು ಮಾತ್ರ, ಅದರ ಕೆಳಗಿನ ಸಣ್ಣ ಗಂಟಿನ ಬಳಿ ಮುರಿದು ತೆಗೆಯಿರಿ. ಒಂದು ಎಲೆಯೂ ಹೋಗುವುದು ಬೇಡ.


ಮುಲುಂಡ್ ಶಿಕ್ಷಕಿ, 12 ಏಪ್ರಿಲ್

ಕೋಥ್ರೂಡಿನ ಹಿರಿಯರು ಹೇಳಿದ್ದು ಅನುಭವದ ಮಾತು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳಾದ್ದರಿಂದ ಅದರ ಹಿಂದಿನ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬಯಸುತ್ತೇನೆ. ಕಾರಣ ತಿಳಿದರೆ ಯಾವ ತಿಂಗಳಲ್ಲಿ ಏನು ಮಾಡಬೇಕೆಂಬುದನ್ನು ನಾವೇ ಊಹಿಸಿಕೊಳ್ಳಬಹುದು.

ಗಿಡದ ಪಾಲಿಗೆ ಹೂ ಎಂಬುದು ಬೀಜಕ್ಕೆ ಹೋಗುವ ದಾರಿ. ಪರಾಗಸ್ಪರ್ಶವಾದ ಬಳಿಕ ಎಸಳು ಉದುರುತ್ತದೆ, ತೊಟ್ಟಿನ ತುದಿಯ ಹಸಿರು ಬಟ್ಟಲು ಉಬ್ಬಿ ಕಾಯಾಗುತ್ತದೆ. ಠಾಣೆಯ ಸೋದರಿ ಕಂಡದ್ದು ಇದರ ಆರಂಭವನ್ನೇ. ಆ ಕಾಯಿ ಬಲಿತು ಕೆಂಪಾಗಲು ಮೂರು-ನಾಲ್ಕು ತಿಂಗಳು ಬೇಕು. ಅಷ್ಟು ದಿನವೂ ಎಲೆ ತಯಾರಿಸಿದ ಸಕ್ಕರೆಯ ಒಂದು ಪಾಲು ಅಲ್ಲಿಗೆ ಹರಿಯುತ್ತಿರುತ್ತದೆ. ಜೊತೆಗೆ ಬೆಳೆಯುತ್ತಿರುವ ಬೀಜಗಳು ಹಾರ್ಮೋನುಗಳನ್ನು ಹೊರಡಿಸಿ, ಕೆಳಗಿನ ಕಣ್ಣುಗಳು, ಅಂದರೆ ಎಲೆಯ ಬುಡದಲ್ಲಿರುವ ಚಿಗುರಿನ ಮೊಳಕೆಗಳು, ಚಿಗುರದಂತೆ ತಡೆಯುತ್ತವೆ. ರೆಂಬೆಯ ತುದಿಯಿಂದ ಕೆಳಕ್ಕೆ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಕಣ್ಣುಗಳನ್ನು ಸುಮ್ಮನಿರಿಸುತ್ತದೆ ಎಂದು ನಾವು ದಶಕಗಳಿಂದ ಪಾಠ ಮಾಡುತ್ತ ಬಂದವರು. 2014ರಲ್ಲಿ ಬಟಾಣಿ ಗಿಡಗಳ ಮೇಲೆ ಪ್ರಕಟವಾದ ಅಧ್ಯಯನವೊಂದು ಅದಕ್ಕೆ ಇನ್ನೊಂದು ಮುಖವನ್ನು ಸೇರಿಸಿತು. ತುದಿಯನ್ನು ಕತ್ತರಿಸಿದ ಕೂಡಲೇ ಕಣ್ಣುಗಳಿಗೆ ಸಕ್ಕರೆ ಧಾರಾಳವಾಗಿ ತಲುಪುತ್ತದೆ, ಚಿಗುರಲು ಮೊದಲ ಪ್ರೇರಣೆ ಸಿಗುವುದು ಅದರಿಂದಲೇ ಎಂಬುದನ್ನು ಅದು ತೋರಿಸಿತು. ಹಾಗಾದರೆ ಆ ಸಕ್ಕರೆ ಬರುವುದೆಲ್ಲಿಂದ? ಉಳಿದ ಎಲೆಗಳಿಂದ. ಎಲೆಯನ್ನೆಲ್ಲ ಕತ್ತರಿಸಿ ಹಾಕಿದರೆ ಕಣ್ಣಿಗೆ ಅಪ್ಪಣೆ ಸಿಗುತ್ತದೆ, ಉಣ್ಣಲು ಏನೂ ಉಳಿದಿರುವುದಿಲ್ಲ. ಠಾಣೆಯ ಮೂರು ಗಿಡಗಳಿಗೆ ಆದದ್ದು ಇದೇ.

ಐದೆಲೆಯ ಲೆಕ್ಕದ ಬಗೆಗೂ ಒಂದು ಮಾತು. ಹೂವಿನ ಕೆಳಗೆ ಮೊದಲು ಒಂಟಿ ಎಲೆ, ಬಳಿಕ ಮೂರೆಲೆ, ಬಳಿಕ ಐದೆಲೆ ಬರುತ್ತದೆ. ಮೇಲಿನ ಮೂರೆಲೆಯ ಬುಡದ ಕಣ್ಣು ಚೂಪಾಗಿ ಸಣ್ಣಗಿರುತ್ತದೆ, ಬೇಗ ಒಡೆದು ಗಿಡ್ಡ ದಂಟಿನ ಹೂ ಕೊಡುತ್ತದೆ. ರೆಂಬೆಯ ನಡುಭಾಗದ ಐದೆಲೆಯ ಬುಡದ ಕಣ್ಣು ದುಂಡಗೆ ತುಂಬಿಕೊಂಡಿರುತ್ತದೆ, ಉದ್ದ ದಂಟು ಬರುವುದು ಅದರಿಂದ. ಬುಡದ ಹತ್ತಿರದ ಚಪ್ಪಟೆ ಕಣ್ಣುಗಳು ಏಳಲು ಬಹಳ ದಿನ ತೆಗೆದುಕೊಳ್ಳುತ್ತವೆ. ಐದೆಲೆಯ ನಿಯಮ ಹುಟ್ಟಿದ್ದು ಈ ವ್ಯತ್ಯಾಸದಿಂದಲೇ. ಹಾಗೆಂದು ಮೂರೆಲೆಯ ಕಣ್ಣಿನಲ್ಲಿ ಹೂ ಬರುವುದಿಲ್ಲ ಎಂದು ತಿಳಿಯಬಾರದು. ಎಲೆ ಎಣಿಸುವುದಕ್ಕಿಂತ ಕಣ್ಣನ್ನು ನೋಡಿ, ಅದು ಗಿಡದ ಹೊರಮುಖವಾಗಿದೆಯೇ, ಅದರ ಕೆಳಗಿನ ಕಡ್ಡಿ ಪೆನ್ಸಿಲಿನಷ್ಟು ದಪ್ಪವಿದೆಯೇ ಎಂದು ನೋಡುವುದು ಮೇಲು. ತೆಳ್ಳಗಿನ ಕಡ್ಡಿಯಿಂದ ಅದಕ್ಕಿಂತ ದಪ್ಪನೆಯ ಚಿಗುರು ಬರಲಾರದು.


ಡೊಂಬಿವಲಿ ಕುಂಡಗಳು, 12 ಏಪ್ರಿಲ್

ಹಿರಿಯರಿಬ್ಬರ ಮೇಲೂ ಗೌರವವಿಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಬರೀ ತಲೆ ಮುರಿಯುತ್ತ ಹೋದರೆ ಗಿಡ ಮೇಲ್ಗಡೆಯೇ ಕವಲೊಡೆದು ಪೊರಕೆಯಂತಾಗುತ್ತದೆ. ಹೂ ಬಟ್ಟಲಿನಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಗುತ್ತದೆ. ಬೈಕುಲ್ಲಾದ ರಾಣಿಬಾಗಿನಲ್ಲಿ ಪ್ರತಿವರ್ಷ ನಡೆಯುವ ಪುಷ್ಪ ಪ್ರದರ್ಶನವನ್ನು ನೋಡಲು ನಾನು ತಪ್ಪದೆ ಹೋಗುತ್ತೇನೆ. ಅಲ್ಲಿಟ್ಟ ಹೂಗಳ ದಂಟನ್ನು ನೋಡಿದರೆ ಕೆಳಗಿನಿಂದ ಕತ್ತರಿಸದೆ ಅಂಥ ಹೂ ಬರುವುದು ಸಾಧ್ಯವಿಲ್ಲ ಎನ್ನುವುದು ಗೊತ್ತಾಗುತ್ತದೆ. ನಾನು ಚಳಿಗಾಲದಲ್ಲಿ ಪ್ರತಿ ಹೂವಿಗೂ ಎರಡು ಐದೆಲೆ ಬಿಟ್ಟು ಕೆಳಗೆ ಕತ್ತರಿಸುತ್ತೇನೆ, ನನ್ನ ಗಿಡಗಳು ಗಟ್ಟಿಯಾಗಿವೆ.


ಕೋಥ್ರೂಡ್ ತಾರಸಿ, 13 ಏಪ್ರಿಲ್

ಡೊಂಬಿವಲಿಯ ಸೋದರರು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಅವರ ಮಾತಿನಲ್ಲಿ ಇರುವ ಮುಖ್ಯ ಪದ ಚಳಿಗಾಲ. ಅಕ್ಟೋಬರ್ ನಡುವಿನಲ್ಲಿ ನಾವು ದೊಡ್ಡ ಚಾಟನಿ (ರೆಂಬೆಗಳನ್ನು ಸವರುವ ಕೆಲಸ) ಮಾಡುತ್ತೇವೆ, ಮಳೆ ನಿಂತು ಬೇರು ಚುರುಕಾಗಿರುತ್ತದೆ, ರಾತ್ರಿ ತಂಪಾಗುತ್ತದೆ. ಆಗ ಕತ್ತರಿಸಿದ ಪ್ರತಿ ಕಣ್ಣೂ ಎದ್ದು ಆರು-ಏಳು ವಾರಗಳಲ್ಲಿ ಹೂ ಕೊಡುತ್ತದೆ. ಪುಣೆಯ ಎಂಪ್ರೆಸ್ ಗಾರ್ಡನ್ನಿನಲ್ಲಿ ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಪುಷ್ಪ ಪ್ರದರ್ಶನ ನಡೆಯುತ್ತದೆ. ಅದಕ್ಕೆ ಹೂ ತಯಾರಿಸುವವರು ಜನವರಿ 26ರಿಂದ ಹಿಂದಕ್ಕೆ 45ರಿಂದ 50 ದಿನ ಎಣಿಸಿ, ಡಿಸೆಂಬರ್ ಎರಡನೆಯ ವಾರದ ಹೊತ್ತಿಗೆ ಬಾಡಿದ ಹೂಗಳನ್ನು ತುಸು ಕೆಳಗಿನ ಗಟ್ಟಿ ಕಣ್ಣಿಗೆ ಕತ್ತರಿಸುತ್ತಾರೆ. ಆ ಲೆಕ್ಕದಲ್ಲಿ ಬಾಡಿದ ಹೂ ತೆಗೆಯುವುದೆಂದರೆ ಮುಂದಿನ ಹೂವಿನ ದಿನವನ್ನು ಗೊತ್ತುಪಡಿಸುವ ಸಣ್ಣ ಚಾಟನಿಯೇ ಸರಿ. ಊರಿನಲ್ಲಿದ್ದಾಗ ಲಾಲ್‌ಬಾಗಿನ ಪ್ರದರ್ಶನವನ್ನು ನೋಡಿ ಬೆಳೆದ ನಮಗೆ ಇದೆಲ್ಲ ಹೊಸದೇನೂ ಅಲ್ಲ.

ಆದರೆ ಅದೇ ಕತ್ತರಿಯನ್ನು ಏಪ್ರಿಲ್‌ನಲ್ಲಿ ಹಿಡಿದರೆ ಫಲ ಬೇರೆ. ಪುಣೆಯಲ್ಲಿ ಈಗ ಮಧ್ಯಾಹ್ನದ ಉಷ್ಣತೆ 38-40 ಡಿಗ್ರಿಗೆ ಏರುತ್ತದೆ. ಈ ಬಿಸಿಯಲ್ಲಿ ಚಿಗುರು ಅವಸರದಿಂದ ಬೆಳೆದು, ಹೂ ಸಣ್ಣದಾಗಿ, ಎಸಳು ಕಡಿಮೆಯಾಗಿ, ಎರಡೇ ದಿನದಲ್ಲಿ ಬಾಡುತ್ತದೆ. ಗಟ್ಟಿ ಕಣ್ಣಿನಿಂದ ಬಂದರೂ ಅಷ್ಟೇ. ಹೀಗಿರುವಾಗ ದೊಡ್ಡ ಹೂವಿನ ಆಸೆಗೆ ಎಲೆಯನ್ನು ಕಳೆದುಕೊಳ್ಳುವುದರಲ್ಲಿ ಲಾಭವಿಲ್ಲ. ಪೊರಕೆಯಂತಾದ ಮೇಲ್ಭಾಗವನ್ನು ಅಕ್ಟೋಬರಿನ ಚಾಟನಿಯಲ್ಲಿ ಹೇಗೂ ತೆಗೆಯುತ್ತೇವೆ. ಆರು ತಿಂಗಳು ಗಿಡ ಅಂದವಾಗಿ ಕಾಣದಿದ್ದರೂ ಬದುಕಿರಲಿ ಎಂಬುದು ನನ್ನ ನಿಲುವು.

ನೆಟ್ಟು ಒಂದು ವರ್ಷ ತುಂಬದ ಗಿಡಗಳಿಗೆ ಚಳಿಗಾಲದಲ್ಲಿಯೂ ತಲೆ ಮಾತ್ರ ತೆಗೆಯುವುದು ಒಳ್ಳೆಯದು.


ಡೊಂಬಿವಲಿ ಕುಂಡಗಳು, 13 ಏಪ್ರಿಲ್

ಒಪ್ಪಿದೆ. ನಾನು ಋತುವನ್ನು ಸ್ಪಷ್ಟವಾಗಿ ಹೇಳಬೇಕಿತ್ತು. ಗೊಂಚಲು ಹೂವಿನ ಬಗೆಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. ಫ್ಲೋರಿಬಂಡದಲ್ಲಿ ಗೊಂಚಲಿನ ನಡುವಿನ ಹೂವೇ ಮೊದಲು ಅರಳಿ ಮೊದಲು ಬಾಡುತ್ತದೆ, ಸುತ್ತಲಿನವು ಇನ್ನೂ ಮೊಗ್ಗಾಗಿರುತ್ತವೆ. ಆಗ ನಡುವಿನದೊಂದನ್ನು ಅದರ ತೊಟ್ಟಿನ ಬುಡಕ್ಕೆ ಸಣ್ಣ ಕತ್ತರಿಯಿಂದ ತೆಗೆದು ಉಳಿದವಕ್ಕೆ ಜಾಗ ಮಾಡಿಕೊಡಬೇಕು. ಗೊಂಚಲಿನ ಕೊನೆಯ ಹೂವೂ ಮುಗಿದ ಮೇಲೆ ಇಡೀ ಗೊಂಚಲನ್ನು ಅದರ ಕೆಳಗಿನ ಮೊದಲ ಒಳ್ಳೆಯ ಕಣ್ಣಿನ ಮೇಲ್ಗಡೆ ಕತ್ತರಿಸಬೇಕು. ಬಟನ್ ಗುಲಾಬಿಗಳಿಗೆ ಇಷ್ಟೊಂದು ವಿಚಾರ ಬೇಡ, ಒಟ್ಟಿಗೆ ಮೇಲಿನಿಂದ ಸವರಿದರೆ ನಡೆಯುತ್ತದೆ.


ಬೇಲಾಪುರ ಗೃಹಿಣಿ, 15 ಏಪ್ರಿಲ್

ನಮ್ಮ ಮನೆಯಲ್ಲಿ ಹೂ ಬಾಡುವವರೆಗೆ ಗಿಡದಲ್ಲಿ ಇರುವುದೇ ಇಲ್ಲ, ಬೆಳಿಗ್ಗೆ ದೇವರ ಪೂಜೆಗೆ ಕೊಯ್ಯುತ್ತೇವೆ. ಬಾಡಿದ ಹೂವನ್ನು ದೇವರಿಗೆ ಏರಿಸುವ ಪದ್ಧತಿಯೂ ನಮ್ಮಲ್ಲಿಲ್ಲ. ತೊಟ್ಟಿಲ್ಲದೆ ಹೂವನ್ನಷ್ಟೇ ಕೊಯ್ಯುವುದರಿಂದ ಗಿಡದ ಮೇಲೆ ಒಂದೊಂದು ಇಂಚಿನ ಬೋಳು ಕಡ್ಡಿಗಳು ಉಳಿದು ಒಣಗುತ್ತಿವೆ. ಇದರಿಂದ ತೊಂದರೆಯಾಗುತ್ತದೆಯೇ? ತಲೆಗೆ ಮುಡಿಯಲು ದಂಟು ಸಮೇತ ಕೊಯ್ದರೆ ಅದು ಹೆಚ್ಚು ಕತ್ತರಿಸಿದಂತಾಗುತ್ತದೆಯೇ?


ಮುಲುಂಡ್ ಶಿಕ್ಷಕಿ, 15 ಏಪ್ರಿಲ್

ಪೂಜೆಗೆ ಕೊಯ್ಯುವುದೂ ಗಿಡದ ಮಟ್ಟಿಗೆ ಬಾಡಿದ ಹೂ ತೆಗೆದಂತೆಯೇ. ಕಾಯಿ ಕಟ್ಟುವ ಮೊದಲೇ ಹೂ ಹೋಗುವುದರಿಂದ ಮುಂದಿನ ಚಿಗುರು ಇನ್ನೂ ಬೇಗನೆ ಏಳುತ್ತದೆ. ಉಳಿದ ಬೋಳು ಕಡ್ಡಿಯಲ್ಲಿ ಕಣ್ಣಿಲ್ಲದಿದ್ದರೆ ಅದು ಒಣಗುವುದು ಸಹಜ. ಬೇಸಗೆಯಲ್ಲಿ ಅದು ಹಾಗೆಯೇ ಒಣಗಿ ಉದುರಿದರೂ ಕೇಡಿಲ್ಲ. ಮಳೆ ಬರುವ ಮೊದಲು ಮಾತ್ರ ಅಂಥ ಒಣಕಡ್ಡಿಗಳನ್ನು ಕಣ್ಣಿನಿಂದ ಸುಮಾರು ಅರ್ಧ ಸೆಂಟಿಮೀಟರ್ ಮೇಲೆ, ಕಣ್ಣಿನ ಎದುರು ಬದಿಗೆ ಇಳಿಜಾರಾಗುವಂತೆ ಕತ್ತರಿಸಿಬಿಡಿ. ಇಲ್ಲದಿದ್ದರೆ ಒದ್ದೆಯಾದ ಒಣಕಡ್ಡಿಯಲ್ಲೇ ಶಿಲೀಂಧ್ರ ಮನೆ ಮಾಡುತ್ತದೆ. ದಂಟು ಸಮೇತ ಕೊಯ್ಯುವುದಾದರೆ ನವೆಂಬರ್‌ನಿಂದ ಫೆಬ್ರವರಿಯವರೆಗೆ ಕೊಯ್ಯಿರಿ, ಆ ರೆಂಬೆಯಲ್ಲಿ ಎರಡಾದರೂ ಐದೆಲೆಗಳು ಉಳಿಯಲಿ.

ನಿರ್ಮಾಲ್ಯದ ಹೂಗಳನ್ನು ಗೊಬ್ಬರದ ಡಬ್ಬಕ್ಕೆ ಹಾಕಬಹುದು. ಗಿಡಕ್ಕೆ ಔಷಧಿ ಸಿಂಪಡಿಸಿದ್ದರೆ ಆ ಹೂಗಳಿಂದ ಗುಲ್ಕಂದ ಮಾಡಬೇಡಿ ಎಂಬುದನ್ನೂ ಸೇರಿಸುತ್ತೇನೆ. ಏಕೆಂದರೆ ಕೆಲವರು ಬಾಡತೊಡಗಿದ ಹೂವಿನ ಎಸಳನ್ನು ಹಾಳುಮಾಡಬಾರದೆಂದು ಸಕ್ಕರೆಯಲ್ಲಿ ಹಾಕಿಡುವುದನ್ನು ನಾನು ಕಂಡಿದ್ದೇನೆ.


ವಾರ್ಜೆ ಹೊಸಬ, 18 ಏಪ್ರಿಲ್

ನನ್ನದು ಎರಡು ಪ್ರಶ್ನೆಗಳು. ಸೆಪ್ಟೆಂಬರ್ ಬಂದ ಕೂಡಲೇ ಬಾಡಿದ ಹೂ ತೆಗೆಯುವುದನ್ನು ನಿಲ್ಲಿಸಿ ಕಾಯಿ ಕಟ್ಟಲು ಬಿಡಬೇಕೆಂದು ಒಂದು ವಿದೇಶಿ ಪುಸ್ತಕದಲ್ಲಿ ಓದಿದೆ. ಅದು ಪುಣೆಗೂ ಅನ್ವಯವಾಗುತ್ತದೆಯೇ? ಎರಡನೆಯದು, ಹಾವೇರಿಯಿಂದ ನಮ್ಮ ಅವ್ವ ಕೊಟ್ಟ ಪನ್ನೀರು ಗುಲಾಬಿಯ ಗಿಡವೊಂದಿದೆ. ಅದರ ಹೂ ಒಂದೇ ದಿನದಲ್ಲಿ ಉದುರುತ್ತದೆ. ಅದಕ್ಕೂ ಇದೇ ಕ್ರಮವೇ?


ಮುಲುಂಡ್ ಶಿಕ್ಷಕಿ, 18 ಏಪ್ರಿಲ್

ಆ ಪುಸ್ತಕ ತನ್ನ ದೇಶದ ಮಟ್ಟಿಗೆ ಸರಿಯಾಗಿಯೇ ಹೇಳಿದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಮುನ್ನ ಎಳೆಯ ಚಿಗುರು ಬಂದರೆ ಅದು ಹಿಮಕ್ಕೆ ಸುಟ್ಟುಹೋಗುತ್ತದೆ. ಕಾಯಿ ಕಟ್ಟಲು ಬಿಟ್ಟರೆ ಗಿಡ ಚಿಗುರುವುದನ್ನು ನಿಲ್ಲಿಸಿ ವಿಶ್ರಾಂತಿಗೆ ಸಿದ್ಧವಾಗುತ್ತದೆ. ನಮ್ಮ ಮುಂಬೈ-ಪುಣೆಗಳಲ್ಲಿ ಗುಲಾಬಿಗೆ ಚಳಿಗಾಲವೇ ಸುಗ್ಗಿ. ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದರೆ ಸುಗ್ಗಿಯ ಹೊಸ್ತಿಲಲ್ಲಿ ಗಿಡದ ಶಕ್ತಿಯನ್ನು ಕಾಯಿಗೆ ಒಪ್ಪಿಸಿದಂತಾಗುತ್ತದೆ. ನಿಲ್ಲಿಸಬೇಡಿ.

ಎರಡನೆಯ ಪ್ರಶ್ನೆ ನನಗೆ ಬಹಳ ಪ್ರಿಯವಾದದ್ದು. ಗುಲಾಬಿಗಳಲ್ಲಿ ವರ್ಷಕ್ಕೊಮ್ಮೆ ಹೂ ಬಿಡುವವು, ಮತ್ತೆ ಮತ್ತೆ ಬಿಡುವವು ಎಂದು ಎರಡು ಬಗೆ. ಉತ್ತರ ಪ್ರದೇಶದ ಕನೌಜ್, ಹಾಥರಸ್ ಕಡೆ ಅತ್ತರಿಗಾಗಿ ಬೆಳೆಯುವ ಡಮಾಸ್ಕ್ ಗುಲಾಬಿ ಮಾರ್ಚ್-ಏಪ್ರಿಲ್ ತಿಂಗಳಲ್ಲಿ ಒಮ್ಮೆ ತುಂಬಿ ಹೂ ಬಿಟ್ಟು ಸುಮ್ಮನಾಗುತ್ತದೆ. ಅಂಥದ್ದರ ಬಾಡಿದ ಹೂವನ್ನು ಎಷ್ಟು ತೆಗೆದರೂ ಆ ವರ್ಷ ಮತ್ತೆ ಹೂ ಬರುವುದಿಲ್ಲ. ಮರಳಿ ಹೂ ಬಿಡುವ ಗುಣ ಇಂದಿನ ಗುಲಾಬಿಗಳಿಗೆ ಬಂದದ್ದು ಚೀನಾದ ಗುಲಾಬಿಗಳಿಂದ. ಅವು ಹದಿನೆಂಟನೆಯ ಶತಮಾನದ ಕೊನೆಗೆ ಯೂರೋಪಿಗೆ ತಲುಪಿದ ಮೇಲೆ ನಡೆದ ಸಂಕರಗಳ ಸಾಲಿನಲ್ಲಿ 1867ರ ಲಾ ಫ್ರಾನ್ಸ್ ಎಂಬ ತಳಿಯನ್ನು ಮೊದಲ ಹೈಬ್ರಿಡ್ ಟೀ ಎಂದು ಗುರುತಿಸುತ್ತಾರೆ. ಹೂ ಬಿಡುವುದನ್ನು ತಡೆಯುವ ಜೀನೊಂದು ಮರುಹೂವಿನ ಗುಲಾಬಿಗಳಲ್ಲಿ ಕೆಟ್ಟು ನಿಂತಿದೆ ಎಂಬುದು 2012ರಲ್ಲಿ ಪ್ರಕಟವಾಯಿತು. ಬಾಡಿದ ಹೂ ತೆಗೆದರೆ ಮತ್ತೆ ಹೂ ಸಿಗುವುದು ಆ ಗುಣವಿರುವ ಗಿಡದಲ್ಲಿ ಮಾತ್ರ.

ಪನ್ನೀರು ಗುಲಾಬಿ ಎಂಬ ಹೆಸರಿನಲ್ಲಿ ನಮ್ಮಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಗಿಡಗಳಿವೆ. ಎಡ್ವರ್ಡ್ ಗುಲಾಬಿ ಎಂದು ಕರೆಯುವ, ಮಾಲೆಗೆ ಬಳಸುವ ತಿಳಿಗುಲಾಬಿ ಬಣ್ಣದ್ದು ಮತ್ತೆ ಮತ್ತೆ ಹೂ ಬಿಡುವ ಬೂರ್ಬನ್ ಗುಂಪಿನದು. ನಿಮ್ಮ ಅವ್ವನ ಗಿಡ ವರ್ಷದಲ್ಲಿ ಹಲವು ಸಲ ಹೂ ಬಿಡುತ್ತಿದೆಯೇ ಎಂದು ಅವರನ್ನೇ ಕೇಳಿ. ಬಿಡುತ್ತಿದೆಯಾದರೆ ಎಸಳು ಉದುರಿದ ತೊಟ್ಟುಗಳನ್ನು ಚಿವುಟುತ್ತ ಬನ್ನಿ. ಒಮ್ಮೆ ಮಾತ್ರ ಬಿಡುವುದಾದರೆ ಹೂವಿನ ಕಾಲ ಮುಗಿದ ಕೂಡಲೇ ಒಂದು ಸಲ ಸವರಿ, ಉಳಿದ ವರ್ಷ ಹಾಗೆಯೇ ಬೆಳೆಯಲು ಬಿಡಿ.


ವಾಸ್ಕೋ ಅಂಗಳ, 2 ಜೂನ್

ತಡವಾಗಿ ಸೇರುತ್ತಿದ್ದೇನೆ. ಇನ್ನು ಕೆಲವೇ ದಿನಗಳಲ್ಲಿ ಮಳೆ ಹಿಡಿಯಲಿದೆ. ಚರ್ಚೆಯಲ್ಲಿ ಮಳೆಗಾಲದ ಮಾತು ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪುಣೆ ನಗರಕ್ಕೆ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆಯಾದರೆ ಗೋವಾದ ಕರಾವಳಿಯಲ್ಲಿ ಸುಮಾರು 3000 ಮಿಲಿಮೀಟರ್ ಬೀಳುತ್ತದೆ. ಮುಂಬೈ, ಠಾಣೆಗಳೂ ಈ ಲೆಕ್ಕದಲ್ಲಿ ನಮ್ಮ ಕಡೆಗೇ ಹತ್ತಿರ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ತಾರಸಿಯಲ್ಲಿ ನಡೆಯುವುದು ನಮ್ಮಲ್ಲಿ ನಡೆಯದು.

ಮಳೆಯಲ್ಲಿ ಬೇರೆ ಗುರುತುಗಳನ್ನು ನೋಡಬೇಕು. ಹೂ ಬಾಡುವವರೆಗೆ, ಕೇಸರ ಕಪ್ಪಾಗುವವರೆಗೆ ಕಾಯುತ್ತ ಕೂತರೆ ದಟ್ಟ ಎಸಳಿನ ಹೂಗಳು ನೀರು ಕುಡಿದು, ಅರಳದೆಯೇ ಕಂದು ಮುದ್ದೆಯಾಗಿ, ಬೂದುಬಣ್ಣದ ಬೂಸಲು ಹಿಡಿಯುತ್ತವೆ. ಆ ಬೂಸಲು ತೊಟ್ಟಿನ ಮೂಲಕ ರೆಂಬೆಗೂ ಇಳಿಯುತ್ತದೆ. ಹಿಂದಿನ ವರ್ಷ ಜುಲೈನಲ್ಲಿ ನಾಲ್ಕು ದಿನ ಊರಿಗೆ ಹೋಗಿ ಬಂದಾಗ ಒಂದು ಬಿಳಿ ಗುಲಾಬಿಯ ಗಿಡದಲ್ಲಿ ಆರು ಹೂಗಳು ಒದ್ದೆ ಹತ್ತಿಯ ಉಂಡೆಗಳಂತೆ ತೂಗುತ್ತಿದ್ದವು. ಅವುಗಳಿಂದ ಉದುರಿದ ಎಸಳುಗಳು ಕೆಳಗಿನ ಎಲೆಗಳ ಮೇಲೆ ಅಂಟಿಕೊಂಡಿದ್ದವು. ಒಂದು ಎಸಳನ್ನು ಉಗುರಿನಿಂದ ಬಿಡಿಸಿ ತೆಗೆದರೆ ಅದರ ಕೆಳಗೆ, ಎಸಳಿನದೇ ಆಕಾರದಲ್ಲಿ, ಎಲೆ ಕಂದಾಗಿ ಕೊಳೆತಿತ್ತು. ಅಂದಿನಿಂದ ಮಳೆಗಾಲದಲ್ಲಿ ಹೂ ಅರ್ಧ ಅರಳಿದಾಗಲೇ ಕೊಯ್ದು ಮನೆಯೊಳಗೆ ನೀರಿನಲ್ಲಿ ಇಡುತ್ತೇನೆ, ಬಿದ್ದ ಎಸಳನ್ನು ಅಂದೇ ಹೆಕ್ಕುತ್ತೇನೆ.

ಕತ್ತರಿಯನ್ನು ಆದಷ್ಟೂ ಮುಟ್ಟುವುದಿಲ್ಲ. ಹೂವಿನ ಕೆಳಗಿನ ಗಂಟಿನಲ್ಲಿ ಕೈಯಿಂದ ಬಗ್ಗಿಸಿದರೆ ಟಕ್ಕನೆ ಮುರಿಯುತ್ತದೆ, ಗಾಯ ಸಣ್ಣದಾಗುತ್ತದೆ. ದಪ್ಪ ರೆಂಬೆಯನ್ನು ಕತ್ತರಿಸಲೇಬೇಕಾದರೆ ಮೂರು-ನಾಲ್ಕು ಗಂಟೆ ಮಳೆ ಬಿಡುವು ಕೊಟ್ಟ ಹೊತ್ತನ್ನು ನೋಡಿ ಕತ್ತರಿಸಿ ತಕ್ಷಣ ತಾಮ್ರದ ಲೇಪ ಹಚ್ಚುತ್ತೇನೆ. ಎಲೆಯ ಕಪ್ಪುಚುಕ್ಕೆ ರೋಗದ ಬೀಜಾಣು ಮೊಳೆಯಲು ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿದ್ದರೆ ಸಾಕು, ನಮ್ಮ ಮಳೆಯಲ್ಲಿ ಏಳು ದಿನ ಒದ್ದೆಯಿರುತ್ತದೆ. ಹಾಗಾಗಿ ಎಲೆ ಉದುರುವುದು ಹೇಗೂ ಇದೆ. ಉಳಿದಿರುವ ಎಲೆಗಳನ್ನು ನಾವೂ ಕತ್ತರಿಸಿ ಹಾಕಿದರೆ ಗಿಡ ಅಕ್ಟೋಬರನ್ನು ಕಾಣುವುದಿಲ್ಲ.

ಇನ್ನೊಂದು ವಿಷಯ. ಮಳೆಯಲ್ಲಿ ತುದಿಗೆ ಮೊಗ್ಗಿಲ್ಲದೆ ನಿಂತುಬಿಡುವ ಕುರುಡು ಚಿಗುರುಗಳು ಬಹಳ ಬರುತ್ತವೆ. ಅವುಗಳಿಗೆ ಹೂವೇ ಇಲ್ಲವಾದ್ದರಿಂದ ತೆಗೆಯಲು ಯಾರಿಗೂ ನೆನಪಾಗುವುದಿಲ್ಲ. ನಾನು ಅವನ್ನು ಮಳೆಗಾಲದಲ್ಲಿ ಎಲೆಗಾಗಿ ಹಾಗೆಯೇ ಉಳಿಸಿಕೊಂಡು, ಅಕ್ಟೋಬರ್‌ನಲ್ಲಿ ಕತ್ತರಿಸುತ್ತೇನೆ. ಕಸಿಯ ಗಂಟಿನ ಕೆಳಗಿನಿಂದ ಏಳುವ ಕಾಡು ಚಿಗುರನ್ನು ಮಾತ್ರ ಯಾವ ಋತುವಿನಲ್ಲೂ ಬಿಡಬಾರದು, ಬುಡದಿಂದಲೇ ಕಿತ್ತುಹಾಕಬೇಕು. ಏಳೆಲೆ ಇದ್ದರೆ ಕಾಡು ಚಿಗುರು ಎಂದು ಹೇಳುವುದನ್ನು ಕೇಳಿದ್ದೇನೆ. ಒಳ್ಳೆಯ ತಳಿಗಳಲ್ಲೂ ಏಳೆಲೆ ಬರುತ್ತದೆ. ಎಲ್ಲಿಂದ ಹುಟ್ಟಿದೆ ಎಂದು ಮಣ್ಣು ಸರಿಸಿ ನೋಡಿಯೇ ತೀರ್ಮಾನಿಸಬೇಕು.


ಠಾಣೆ ಬಾಲ್ಕನಿ, 20 ಜುಲೈ

ಎಲ್ಲ ಹಿರಿಯರಿಗೂ ವಂದನೆಗಳು. ಬೋಳಾಗಿದ್ದ ಮೂರು ಗಿಡಗಳಲ್ಲಿ ಎರಡು ಚಿಗುರಿವೆ. ತುದಿ ಕಪ್ಪಾಗಿದ್ದ ಗಿಡ ಉಳಿಯಲಿಲ್ಲ. ಮೂರು ಸಲ ಕೆಳಗೆ ಕೆಳಗೆ ಕತ್ತರಿಸಿದರೂ ತಿರುಳು ಬಿಳಿಯಾಗಿ ಕಾಣಲೇ ಇಲ್ಲ. ಅದು ನನ್ನ ತಂದೆ ಕೊಡಿಸಿದ ಗಿಡವಾದ್ದರಿಂದ ಬೇಸರ ಇನ್ನೂ ಹೋಗಿಲ್ಲ.

ವಾಸ್ಕೋದ ಅಣ್ಣ ಬರೆದಂತೆ ಮಳೆ ಹಿಡಿದ ದಿನದಿಂದ ಕತ್ತರಿಯನ್ನು ಒಳಗಿಟ್ಟು ಕೈಯಿಂದಲೇ ಮುರಿಯುತ್ತಿದ್ದೇನೆ. ಹೂ ಸಣ್ಣವು, ಆದರೆ ಗಿಡದಲ್ಲಿ ಎಲೆ ಇದೆ. ಕೆಳಗಿನ ಮಹಡಿಯವರ ಬಾಲ್ಕನಿಗೆ ಎಸಳು ಬೀಳುತ್ತದೆಂದು ಮೊದಲು ಮಾತು ಕೇಳಬೇಕಾಗುತ್ತಿತ್ತು. ಅರ್ಧ ಅರಳಿದಾಗಲೇ ಕೊಯ್ಯುವುದರಿಂದ ಅದೂ ನಿಂತಿದೆ. ಅತ್ತೆಯವರು ಈಗ ದಿನವೂ ಬೆಳಿಗ್ಗೆ ನನಗಿಂತ ಮೊದಲೇ ಹೋಗಿ ತೊಟ್ಟು ತಟ್ಟಿ ನೋಡುತ್ತಾರೆ.


ಕೋಥ್ರೂಡ್ ತಾರಸಿ, 21 ಜುಲೈ

ಗಿಡ ಹೋದದ್ದು ಕೇಳಿ ನನಗೂ ನೋವಾಯಿತು. ಆ ಕುಂಡದ ಮಣ್ಣನ್ನು ಹಾಗೆಯೇ ಮತ್ತೊಂದು ಗುಲಾಬಿಗೆ ಬಳಸಬೇಡಿ, ಬಿಸಿಲಿಗೆ ಹರವಿ ಬೇರೆ ಗಿಡಕ್ಕೆ ಬಳಸಿರಿ. ಉಳಿದ ಎರಡಕ್ಕೆ ಸೆಪ್ಟೆಂಬರ್ ಮುಗಿಯುವವರೆಗೆ ತಲೆ ಮುರಿಯುವುದಷ್ಟೇ ಸಾಕು, ಗೊಬ್ಬರವೂ ಹೆಚ್ಚು ಬೇಡ. ಅಕ್ಟೋಬರಿನಲ್ಲಿ ಉಳಿದ ಗಿಡಗಳಿಗೆ ಮಾಡುವಂತೆ ಅವಕ್ಕೆ ಆಳವಾದ ಚಾಟನಿ ಮಾಡಬೇಡಿ. ಒಣಗಿದ್ದನ್ನೂ ತೀರ ತೆಳ್ಳಗಿನ ಕಡ್ಡಿಗಳನ್ನೂ ತೆಗೆದು, ಮೇಲಿನ ಕಾಲು ಭಾಗವನ್ನು ಮಾತ್ರ ಸವರಿ. ಹೊಸ ಚಿಗುರು ಒಂದು ಬೆರಳುದ್ದ ಬಂದ ಮೇಲೆ ಒಂದು ಹಿಡಿ ಬೇವಿನ ಹಿಂಡಿ, ಎರಡು ಹಿಡಿ ಎರೆಗೊಬ್ಬರ ಕೊಡಿ. ಅದಕ್ಕೆ ಮೊದಲು ಕುಂಡಕ್ಕೆ ನೀರು ಹಾಕಿರಬೇಕು.


ಠಾಣೆ ಬಾಲ್ಕನಿ, 9 ಡಿಸೆಂಬರ್

ಅಕ್ಟೋಬರ್ 18ರಂದು ಸವರಿದ ಎರಡು ಗಿಡಗಳಲ್ಲಿ ಒಂದರ ಮೊದಲ ಮೊಗ್ಗು ಡಿಸೆಂಬರ್ 2ಕ್ಕೆ ಅರಳಿತು. ಸರಿಯಾಗಿ 45 ದಿನ. ಗಾಢ ಕೆಂಪು ಬಣ್ಣ, ಒಳ್ಳೆಯ ವಾಸನೆಯಿದೆ. ಇಂದು ಬೆಳಿಗ್ಗೆ ನೋಡಿದಾಗ ಹೊರಗಿನ ಎಸಳು ಜೋತಿದ್ದವು, ನಡುವಿನ ಕೇಸರ ಕಂದಾಗಿತ್ತು, ಅತ್ತೆಯವರು ತಟ್ಟಿದಾಗ ಎರಡು ಎಸಳು ಬಿದ್ದವು. ಆ ದಂಟಿನಲ್ಲಿ ಐದೆಲೆಗಳು ನಾಲ್ಕಿವೆ. ಮೇಲಿನಿಂದ ಎರಡನೆಯದರ ಬುಡದ ಕಣ್ಣು ಹೊರಮುಖವಾಗಿ ದುಂಡಗಿದೆ, ಕೆಳಗೆ ಎರಡು ಎಲೆಗಳು ಉಳಿಯುತ್ತವೆ. ಅಲ್ಲಿಯೇ ಕತ್ತರಿಸಬಹುದೇ, ಇಷ್ಟು ಕಷ್ಟಪಟ್ಟ ಗಿಡಕ್ಕೆ ಈ ಸಲವೂ ತಲೆ ಮಾತ್ರ ತೆಗೆಯುವುದು ಒಳ್ಳೆಯದೇ?


ಕೋಥ್ರೂಡ್ ತಾರಸಿ, 9 ಡಿಸೆಂಬರ್

ಗಿಡದಲ್ಲಿ ಬೇರೆ ರೆಂಬೆಗಳಲ್ಲಿಯೂ ಎಲೆ ತುಂಬಿದ್ದರೆ ಆ ಎರಡನೆಯ ಕಣ್ಣಿನ ಮೇಲ್ಗಡೆಯೇ ಕತ್ತರಿಸಿರಿ. ಇದೊಂದೇ ರೆಂಬೆಯಾಗಿದ್ದರೆ ಈ ಸಲ ತಲೆ ಮಾತ್ರ ತೆಗೆಯಿರಿ.


ಠಾಣೆ ಬಾಲ್ಕನಿ, 9 ಡಿಸೆಂಬರ್

ಇನ್ನೂ ಮೂರು ರೆಂಬೆಗಳಿವೆ, ಮೂರರಲ್ಲೂ ಎಲೆ ತುಂಬಿದೆ. ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿ ಈಗಷ್ಟೇ ಕತ್ತರಿಸಿದೆ. ತಿರುಳು ಬೆಳ್ಳಗಿದೆ.